ಗುಡಾಣಪ್ಪನ ಕತೆ ಬರೆದವರು

ಗುಡಾಣಪ್ಪ ಬಿದ್ದಾಗ ನಗದೆ ಇದ್ದವರು ನಮ್ಮ ಆಫೀಸಿನಲ್ಲಿ ಅವರೊಬ್ಬರೇ. ಉಳಿದವರೆಲ್ಲ ಮೊದಲ ವಾರ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಎರಡನೆಯ ವಾರ ರೂಢಿಗೆ ನಕ್ಕೆವು, ಆಮೇಲೆ ನಗುವುದನ್ನೇ ಮರೆತೆವು. ಅವರು ಮಾತ್ರ ಮೊದಲ ದಿನದಿಂದಲೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಿದ್ದವನನ್ನೇ ನೋಡುತ್ತ ಕೂತಿರುತ್ತಿದ್ದರು.

ಗುಡಾಣಪ್ಪ ನಿಜವಾದ ಮನುಷ್ಯನಲ್ಲ. ಮಕ್ಕಳು ಮೊಬೈಲಿನಲ್ಲಿ ಆಡುವ ಒಂದು ಆಟದ ಖಳ. ಗುಡಾಣದಂಥ ಹೊಟ್ಟೆ, ಕಡ್ಡಿಯಂಥ ಕಾಲು, ಕಿವಿಯವರೆಗೆ ತಿರುವಿದ ಮೀಸೆ, ತಲೆಗಿಂತ ದೊಡ್ಡ ಟೊಪ್ಪಿಗೆ. ಊರಿನ ದೀಪಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಓಡುತ್ತಾನೆ. ಒಬ್ಬ ಪುಟ್ಟ ಹುಡುಗಿ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತ ಬೆನ್ನಟ್ಟುತ್ತಾಳೆ. ಕೊನೆಗೆ ತಾನೇ ಒಡ್ಡಿದ ಬಲೆಯಲ್ಲಿ ತಾನೇ ಸಿಕ್ಕಿಕೊಂಡು, ಒಂದು ಸಲ ಕೆಸರಿಗೆ, ಒಂದು ಸಲ ಸಗಣಿ ಗುಂಡಿಗೆ, ಇನ್ನೊಂದು ಸಲ ಹಿಟ್ಟಿನ ಚೀಲದೊಳಕ್ಕೆ ತಲೆಕೆಳಗಾಗಿ ಬೀಳುತ್ತಾನೆ. "ಅಯ್ಯಯ್ಯೋ, ನನ್ನ ಟೊಪ್ಪಿಗೆ!" ಎಂದು ಕೂಗುತ್ತಾನೆ. ಅಲ್ಲಿಗೆ ಲೆವೆಲ್ ಮುಗಿಯಿತು. ಅರವತ್ತು ಲೆವೆಲ್‌ಗಳಲ್ಲಿ ಅರವತ್ತು ಸಲ ಬೀಳುತ್ತಾನೆ.

ಹೊರದೇಶದ ಆಟಗಳು ನಮ್ಮ ಭಾಷೆಗಳಿಗೆ ಬಂದಾಗ ಅವನ್ನು ಆಡಿ ನೋಡಿ ತಪ್ಪು ಹುಡುಕುವುದು ನಮ್ಮ ಕೆಲಸವಾಗಿತ್ತು. ತೆಲುಗು ಸೀಮೆಯ ದೊಡ್ಡ ಶಹರದಲ್ಲಿ, ನಾಂಪಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಹಳೆಯ ಕಟ್ಟಡದ ಮೂರನೇ ಮಹಡಿ. ತೆಲುಗಿಗೆ ಆರು ಜನ, ತಮಿಳಿಗೆ ನಾಲ್ಕು ಜನ, ಕನ್ನಡಕ್ಕೆ ನಾವಿಬ್ಬರು. ನಾನು ತುಮಕೂರಿನವನು, ಆಗ ಮೂವತ್ತರ ಆಸುಪಾಸು. ಅವರು ಬೀದರಿನವರು, ಐವತ್ತು ದಾಟಿದ್ದರು. ಒಂದು ಕಾಲದಲ್ಲಿ ಶಾಲಾ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರಂತೆ. ಪ್ರೆಸ್ಸು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಸೇರಿದ್ದರು. ಮದುವೆಯಾಗಿರಲಿಲ್ಲ. ನಾರಾಯಣಗೂಡದಲ್ಲಿ ಕೋಚಿಂಗ್ ಸೆಂಟರುಗಳ ಬೋರ್ಡುಗಳ ನಡುವೆ ಎಲ್ಲೋ ಒಂದು ರೂಮು ಮಾಡಿಕೊಂಡು ಒಬ್ಬರೇ ಇದ್ದರು. ಅವರ ಹೆಸರು ಬರೆಯುವುದಿಲ್ಲ. ತಮ್ಮ ಬರವಣಿಗೆಗೆ ಅವರೇ ಹೆಸರು ಹಾಕಿಕೊಳ್ಳಲಿಲ್ಲ, ನಾನು ಯಾರು ಹಾಕುವುದಕ್ಕೆ?

ಆಫೀಸಿನ ತೆಲುಗು ಹುಡುಗರು ಅವರನ್ನು ಅಮ್ಮಾ ಎನ್ನುತ್ತಿದ್ದರು. ನಾನು ಮೇಡಂ ಎನ್ನುತ್ತಿದ್ದೆ. ಅವರು ನನಗೆ ಇಟ್ಟ ಹೆಸರು ತುಮಕೂರು. "ಏನ್ರಿ ತುಮಕೂರು, ಚಾ ಕುಡದು ಬರೂಣೇನು?" ಎಂದು ಹನ್ನೊಂದು ಗಂಟೆಗೆ ಸರಿಯಾಗಿ ಕೇಳುವರು. ಅವರು ಆಟ ಆಡುವುದನ್ನು ನೋಡಬೇಕಿತ್ತು. ಹುಡುಗರು ಎರಡು ಹೆಬ್ಬೆರಳಲ್ಲಿ ಆಡಿದರೆ ಇವರು ಫೋನನ್ನು ಮೇಜಿನ ಮೇಲೆ ಮಲಗಿಸಿ, ಹಪ್ಪಳದ ಹಿಟ್ಟು ಒತ್ತುವ ಹಾಗೆ ತೋರುಬೆರಳಲ್ಲಿ ಒತ್ತುತ್ತಿದ್ದರು. ಎದುರಿಗೆ ಗೋಡೆ ಬಂದರೆ ಆಟದ ಹುಡುಗಿಗೆ "ಜಿಗಿಯೇ ಯವ್ವಾ, ಜಿಗಿ!" ಎಂದು ಬಾಯಿಬಿಟ್ಟು ಹೇಳುವರು. ಹಾಗಿದ್ದೂ ಅರವತ್ತನೆಯ ಲೆವೆಲನ್ನು ನಮ್ಮಲ್ಲಿ ಮೊದಲು ದಾಟಿದವರು ಅವರೇ, ಅದನ್ನು ಯಾರಿಗೂ ಹೇಳಲಿಲ್ಲ.

ಗುಡಾಣಪ್ಪನೆಂಬ ಹೆಸರೂ ಅವರದ್ದೇ. ಮೂಲದ ಹೆಸರು ನಮ್ಮ ನಾಲಿಗೆಯಲ್ಲಿ ಹೊರಳುವಂಥದ್ದಲ್ಲ. ನಾನು ನಾಲ್ಕು ಹೆಸರು ಬರೆದುಕೊಂಡು ಹೋಗಿದ್ದೆ, ನಾಲ್ಕೂ ಭಾರಿ ಸಂಸ್ಕೃತದವು. ಅವರು ಚೀಟಿ ನೋಡಿ, "ಇವೇನ್ರಿ, ಮಠದ ಸ್ವಾಮಿಗಳ ಹೆಸರಿದ್ದಂಗ ಅದಾವ! ಹೊಟ್ಟಿ ನೋಡ್ರಿ ಅವಂದು" ಅಂದರು. ಅಲ್ಲಿಗೆ ಹೆಸರು ನಿಕ್ಕಿಯಾಯಿತು.

ಅವರಿಗೆ ಅವನ ಹುಚ್ಚು ಹಿಡಿದದ್ದು ನಮ್ಮ ಕೆಲಸದ ಒಂದು ಕಟ್ಟಳೆಯಿಂದ. ಆಟ ಆಡುವ ಮಕ್ಕಳು ಗುಡಾಣಪ್ಪ ಬಿದ್ದ ಕೂಡಲೇ 'ಮುಂದೆ' ಎಂಬ ಗುಂಡಿ ಒತ್ತುತ್ತಾರೆ. ನಾವು ಒತ್ತುವ ಹಾಗಿರಲಿಲ್ಲ. ಪ್ರತಿ ಲೆವೆಲ್ಲಿನ ಕೊನೆಗೆ ಹತ್ತು ನಿಮಿಷ ಏನೂ ಮುಟ್ಟದೆ ಬಿಟ್ಟು, ಆಟ ಅಲ್ಲೇ ಸ್ಥಗಿತವಾಗುತ್ತದೆಯೋ ಇಲ್ಲವೋ ನೋಡಬೇಕಿತ್ತು. ಆ ಹತ್ತು ನಿಮಿಷ ಎಲ್ಲರಿಗೂ ಬಿಡುವು. ನಾವು ಫೋನನ್ನು ಅದರ ಪಾಡಿಗೆ ಬಿಟ್ಟು ಕೆಳಗೆ ಚಹಾ ಕುಡಿಯಲು ಹೋಗುತ್ತಿದ್ದೆವು. ಅವರು ಕೂತು ನೋಡುತ್ತಿದ್ದರು.

ಒಂದು ದಿನ ನನ್ನ ತೋಳು ಹಿಡಿದು ಕೂರಿಸಿದರು. "ಚಾ ಎಲ್ಲಿ ಓಡಿ ಹೋಗಂಗಿಲ್ಲ. ಕೂಡ್ರಿ, ನೋಡ್ರಿ ಇಲ್ಲಿ."

ನೋಡಿದೆ. ಗುಡಾಣಪ್ಪ ಕೆಸರಿನಲ್ಲಿ ಬಿದ್ದಿದ್ದ. ಒಂದು ನಿಮಿಷದ ಮೇಲೆ ನಿಧಾನವಾಗಿ ಎದ್ದು ಕೂತ. ಟೊಪ್ಪಿಗೆ ಹುಡುಕಿ ತೆಗೆದುಕೊಂಡ, ಕೊಡವಿದ, ತಲೆಗೆ ಇಟ್ಟುಕೊಳ್ಳಲಿಲ್ಲ, ಮಡಿಲಲ್ಲಿ ಇಟ್ಟುಕೊಂಡ. ಎಡಕ್ಕೊಮ್ಮೆ ನೋಡಿದ, ಬಲಕ್ಕೊಮ್ಮೆ ನೋಡಿದ. ಮತ್ತೆ ಎಡಕ್ಕೆ. ಹತ್ತು ನಿಮಿಷವೂ ಅಷ್ಟೇ. ಯಾವುದೋ ದೇಶದಲ್ಲಿ ಯಾರೋ ಚಿತ್ರಗಾರ, ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದೂ, ಇಷ್ಟನ್ನು ಮಾಡಿಟ್ಟಿದ್ದ.

"ಯಾರ ಹಾದಿ ಕಾಯ್ತಾನ್ರಿ ಇವಾ?" ಅಂದರು.

"ಯಾರದ್ದೂ ಇಲ್ಲ ಮೇಡಂ. ತಲೆ ಅಲ್ಲಾಡಿಸುವ ಹಾಗೆ ಮಾಡಿದ್ದಾರೆ, ಅಷ್ಟೆ."

"ಅಷ್ಟ ಅಲ್ರಿ. ಇವಾ ಕದ್ದ ದೀಪ ಎಲ್ಲಿ ಇಡ್ತಾನ? ಮನಿ ಎಲ್ಲೈತಿ ಇವಂದು? ಮನ್ಯಾಗ ಯಾರದಾರ?"

ನಾನು ನಕ್ಕುಬಿಟ್ಟೆ. ನಾಲ್ಕು ದಿನ ಬಿಟ್ಟು ಅವರು ಕೋಠಿಯ ಪೇಟೆಯಿಂದ ತಂದ ದಪ್ಪ ರಟ್ಟಿನ ನೋಟುಪುಸ್ತಕವೊಂದನ್ನು ಚೀಲದಿಂದ ತೆಗೆದು ನನ್ನ ಕೈಗಿಟ್ಟರು. ಮುತ್ತು ಪೋಣಿಸಿದ ಅಕ್ಷರ, ಒಂದೂ ಚಿತ್ತು ಕಾಟು ಇಲ್ಲ. ಬಾಯಲ್ಲಿ ಅಷ್ಟು ಬೀದರು ಇದ್ದವರು ಬರೆಯುವಾಗ ಪುಸ್ತಕದ ಕನ್ನಡವನ್ನೇ ಬರೆಯುತ್ತಿದ್ದರು, ಹಳೆಯ ಪ್ರೂಫ್ ರೀಡರಲ್ಲವೇ? ಗುಡಾಣಪ್ಪನ ಮನೆ, ಅವನ ಒಲೆ, ಅವನ ಹಾಸಿಗೆ, ಎಲ್ಲ ಅಲ್ಲಿತ್ತು. ಆಟದ, ಸಿನಿಮಾದ ಪಾತ್ರಗಳನ್ನು ಹಚ್ಚಿಕೊಂಡವರು ಹೀಗೆ ತಾವೇ ಕತೆ ಬರೆಯುವುದು ಉಂಟು, ಅದಕ್ಕೆ ಫ್ಯಾನ್ ಫಿಕ್ಷನ್ ಅನ್ನುತ್ತಾರೆ ಎಂದು ಹೇಳಿದೆ.

"ಹೌದೇನ್ರಿ? ಇದಕ್ಕೂ ಒಂದು ಹೆಸರೈತೇನು? ನಾ ಒಬ್ಬಾಕಿಗೇ ತಲಿ ಕೆಟ್ಟೈತಿ ಅನಕೊಂಡಿದ್ದೆ" ಎಂದು ಬಹಳ ಖುಷಿಪಟ್ಟರು.

ಕತೆ ಹಾಕುವ ಒಂದು ಆ್ಯಪನ್ನು ನಾನೇ ಅವರ ಫೋನಿಗೆ ಇಳಿಸಿಕೊಟ್ಟೆ. ಕೆಲಸ ಮಾಡುವ ಆಟದ ಬಗ್ಗೆ ಹೊರಗೆ ಬರೆಯಬಾರದೆಂದು ಕಂಪನಿಯ ನಿಯಮವಿದ್ದುದರಿಂದ ಹೆಸರು ಹಾಕುವ ಹಾಗಿರಲಿಲ್ಲ, ನನ್ನ ಹೊರತು ಯಾರಿಗೂ ಗೊತ್ತಾಗುವ ಹಾಗೂ ಇರಲಿಲ್ಲ. ವಾರಕ್ಕೊಂದು ಅಧ್ಯಾಯ ಹಾಕುತ್ತ ಹೋದರು. ಓದಲು ಬಂದವರು ಯಾರೆಂದರೆ, ಗುಡಾಣಪ್ಪನ ಹೆಸರು ಹುಡುಕಿಕೊಂಡು ಬಂದ ಮಕ್ಕಳು. ಕತೆಯ ಕೆಳಗೆ ಅವರು ಬರೆದು ಹೋಗುತ್ತಿದ್ದದ್ದು ಒಂದೇ ಮಾತು: ಮೂವತ್ತೊಂದನೇ ಲೆವೆಲ್ ದಾಟುವುದು ಹೇಗೆ? ನಾನಾಗಿದ್ದರೆ ಬೈಯುತ್ತಿದ್ದೆ. ಅವರು ಒಬ್ಬೊಬ್ಬರಿಗೂ ಉತ್ತರ ಬರೆದರು. ಎರಡನೆಯ ಮಾಳಿಗೆಯಿಂದ ಜಿಗಿಯಬೇಡ ಮಗು, ಪಕ್ಕದ ಹಗ್ಗ ಹಿಡಿದು ಇಳಿ. ಮಗು ಬಂದು ಥ್ಯಾಂಕ್ಸ್ ಹೇಳುವುದು, ಹೋಗುವುದು. ಕತೆ ಓದಿದೆಯಾ ಎಂದು ಇವರು ಕೇಳುತ್ತಿರಲಿಲ್ಲ. ಆ ಥ್ಯಾಂಕ್ಸನ್ನೇ ಚಹಾದ ಹೊತ್ತಿಗೆ ನನಗೆ ತೋರಿಸುತ್ತಿದ್ದರು.

ಇಷ್ಟು ಕೇಳಿದವರಿಗೆ ಅವರೇನೋ ಕರುಣಾಮಯಿ, ಪಾಪದ ಖಳನಿಗೆ ಕಣ್ಣೀರು ಹಾಕುವವರು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಮೊದಲ ಅಧ್ಯಾಯಗಳಲ್ಲಿ ಗುಡಾಣಪ್ಪ ಕದ್ದ ದೀಪಗಳನ್ನೆಲ್ಲ ಒಂದೇ ಕೋಣೆಯಲ್ಲಿ ಉರಿಯಲು ಬಿಟ್ಟು, ಬೆಳಕಿಗೆ ನಿದ್ದೆ ಬಾರದೆ ಹೊರಳಾಡುತ್ತಾನೆ. ಐದನೆಯದರಲ್ಲಿ ಅವನು ಸೂಲಗಿತ್ತಿಯ ಕೈಯ ದೀಪವನ್ನು ಕದಿಯುತ್ತಾನೆ, ಹೆರಿಗೆಯ ಹೊತ್ತಿಗೆ. ಮುಂದೆ ಆ ಮನೆಯಲ್ಲಿ ಏನಾಯಿತೆಂದು ಅವರು ಬರೆಯಲಿಲ್ಲ. ಗುಡಾಣಪ್ಪ ಗೋಡೆಯಾಚೆ ನಿಂತು ಕಿವಿಗೊಟ್ಟದ್ದನ್ನು ಮಾತ್ರ ಬರೆದರು. ಮರುದಿನ ಚಹಾದ ಹೊತ್ತಿಗೆ ನಾನೇ ಆ ಮಾತು ತೆಗೆದೆ.

"ಪಾಪ ಮೇಡಂ, ಅವನೂ ಒಬ್ಬಂಟಿ, ಅದಕ್ಕೇ ಹಾಗೆ ಮಾಡ್ತಾನೆ" ಅಂದೆ, ತಿಳಿದವನಂತೆ.

ಅವರಿಗೆ ಸಿಟ್ಟು ಬಂತು. ನನ್ನ ಮೇಲೆ ಸಿಟ್ಟು ಮಾಡಿದ್ದು ಅದೊಂದೇ ಸಲ. "ಪಾಪ ಅನಬ್ಯಾಡ್ರಿ. ಒಬ್ರ ಇರೂದು ಬ್ಯಾರೆ, ಕೆಟ್ಟದ್ದ ಮಾಡೂದು ಬ್ಯಾರೆ. ಒಬ್ರ ಇರೂ ಮಂದಿ ಎಲ್ಲಾ ದೀಪ ಕದೀತಾರೇನು? ಅವಂಗ ಬ್ಯಾರೆಯವರ ಮನ್ಯಾಗ ಬೆಳಕಿದ್ರ ತಡಕೊಳ್ಳಾಕ ಆಗೂದಿಲ್ಲ. ಅಷ್ಟ ಅದು. ಮಂದಿ ನಗತಾರ, ನಕ್ಕ ನಕ್ಕ ಅವನ್ನ ಬಿಟ್ಟಬಿಡ್ತಾರ. ಬಿದ್ದಾನ, ಸಾಕು ಅಂತಾರ. ಬಿದ್ರ ಸಾಕೇನ್ರಿ?"

ಚಹಾ ಆರಿತ್ತು, ಕುಡಿದು ಮೇಲೆ ಬಂದೆವು.

ಜನವರಿಯಲ್ಲಿ ಆಫೀಸಿನ ಹಿಂದಿನ ಮೈದಾನದಲ್ಲಿ ಎಕ್ಸಿಬಿಷನ್ ಶುರುವಾದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿಯವರೊಂದಿಗೆ ದಖ್ಖನಿ ಉರ್ದುವಿನಲ್ಲಿ ಚೌಕಾಸಿ ಮಾಡುವಾಗ ಅವರು ಬೇರೆಯೇ ಮನುಷ್ಯರು, ಗಂಟಲು ದೊಡ್ಡದು, ಕೈ ಸೊಂಟದ ಮೇಲೆ. ಏನು ಕೊಂಡರೂ ಎರಡು ಕೊಂಡರು. ಎರಡು ಶಾಲು, ಎರಡು ಬಾಚಣಿಗೆ, ಎರಡು ಉಪ್ಪಿನಕಾಯಿ ಜಾಡಿ. ಇನ್ನೊಂದು ಯಾರಿಗೆ ಎಂದು ಕೇಳಿದೆ. "ಹಂಗ, ರೂಢಿರಿ" ಅಂದರು. ಬೀದರಿನಲ್ಲಿ ತಂಗಿ ಇದ್ದಾಳೆಂದು ಹೇಳಿದ್ದು ಅವತ್ತೇ, ಅದೂ ಬಸ್ ಸ್ಟಾಪಿನಲ್ಲಿ, ಬಸ್ಸು ಬರುವುದು ಕಂಡ ಮೇಲೆ. ಮಾತುಕತೆ ಇಲ್ಲವೆಂದೂ ಹೇಳಿದರು. ಯಾಕೆ ಎಂದು ನಾನು ಕೇಳುವಷ್ಟರಲ್ಲಿ ಹತ್ತಿ ಹೋಗಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ಕಸುಬಿನ ಒಂದು ನಡಾವಳಿ ಹೇಳಬೇಕು. ನಮ್ಮಲ್ಲಿ ಹೊಗಳುವ ಪದ್ಧತಿ ಇಲ್ಲ. ನೂರು ಸಾಲು ಓದಲು ಕೊಟ್ಟರೆ ತಪ್ಪಿರುವ ಮೂರು ಸಾಲಿನ ಬಗ್ಗೆ ಮಾತ್ರ ಬರೆದು ಕಳಿಸಬೇಕು. ತೊಂಬತ್ತೇಳರ ಬಗ್ಗೆ ಯಾರೂ ಉಸಿರೆತ್ತುವುದಿಲ್ಲ. ಏನೂ ತಪ್ಪಿಲ್ಲದಿದ್ದರೆ ಏನೂ ಬರೆಯುವಂತಿಲ್ಲ. ನಾವು ಒಬ್ಬರಿಗೊಬ್ಬರು ಕೆಲಸ ದಾಟಿಸುವಾಗ ಹೇಳುವ ಮಾತೇ "ಏನಾದರೂ ಇದ್ದರೆ ಹೇಳಿ" ಎಂದು. ಒಂದು ವಾರ ಉತ್ತರ ಬಾರದಿದ್ದರೆ ಕೊಟ್ಟವರು ನಿಶ್ಚಿಂತೆಯಿಂದ ಫೈಲು ಮುಚ್ಚುತ್ತಾರೆ. ಆರು ವರ್ಷ ಅದೇ ಕೆಲಸ ಮಾಡಿ ಮಾಡಿ ಅದು ನನ್ನ ಮೈಗಂಟಿಹೋಗಿತ್ತು. ಮನೆಯಲ್ಲಿ ಅಮ್ಮ ಸಾರು ಹೇಗಿದೆ ಎಂದರೆ, ಉಪ್ಪು ಸರಿಯಿದ್ದರೆ ಸುಮ್ಮನೆ ಉಣ್ಣುವಷ್ಟು.

ಮಳೆಗಾಲದ ಒಂದು ಶುಕ್ರವಾರ, ಮನೆಗೆ ಹೊರಡುವ ಹೊತ್ತಿಗೆ, ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಹನ್ನೆರಡನೇದು ನಿಮ್ಮ ಫೋನಿಗೆ ಕಳಿಸೀನ್ರಿ. ಆ್ಯಪಿಗೆ ಇನ್ನೂ ಹಾಕಿಲ್ಲ. ನೀವ ಮೊದಲ ಓದ್ರಿ. ಏನರ ಇದ್ರ ಹೇಳ್ರಿ."

"ಆಯ್ತು ಮೇಡಂ" ಅಂದೆ.

ಬಸ್ಸಿನಲ್ಲಿ ನಿಂತುಕೊಂಡೇ ಓದಿದೆ. ಅದರಲ್ಲಿ ಗುಡಾಣಪ್ಪನಿಗೆ ಒಬ್ಬ ತಂಗಿ. ಅವನಿಗೆ ಅಡುಗೆ ಮಾಡಿ ಹಾಕುವವಳು, ಅವನ ಟೊಪ್ಪಿಗೆ ಒಗೆದು ಒಣಗಿಸುವವಳು. ಅವಳಿಗೆ ಗಂಡು ಗೊತ್ತಾಗಿದೆ, ಬೀಗರು ಹೊಳೆ ದಾಟಿ ಬರುವವರಿದ್ದಾರೆ. ಆ ಊರಿನಲ್ಲಿ ಮದುವೆ ಗೊತ್ತಾದ ಹೆಣ್ಣು ಕೈಯಲ್ಲಿ ದೀಪ ಹಿಡಿದು ಬೀಗರನ್ನು ಎದುರುಗೊಳ್ಳಬೇಕು. ಗುಡಾಣಪ್ಪ ಸೇತುವೆಯ ಮೇಲೆ ಹೋಗಿ ನಿಂತು ಬೀಗರಿಗೆ ಒಂದು ಸುಳ್ಳು ಹೇಳುತ್ತಾನೆ: ಆ ಹುಡುಗಿಯ ಕೈಯಲ್ಲಿ ದೀಪ ನಿಲ್ಲುವುದಿಲ್ಲ, ಹಚ್ಚಿದ ಕೂಡಲೇ ಆರುತ್ತದೆ. ಅಷ್ಟೇ ಹೇಳುತ್ತಾನೆ. ಅವರು ತಿರುಗಿ ಹೋಗುತ್ತಾರೆ. ಅವನು ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂರುತ್ತಾನೆ. ದಾರಿಯಲ್ಲಿ ಯಾರಾದರೂ ಕಂಡರೇ ಎಂದು ತಂಗಿ ಕೇಳುತ್ತಾಳೆ. ಯಾರೂ ಇಲ್ಲ, ಇನ್ನೊಂದು ರೊಟ್ಟಿ ಹಾಕು ಎನ್ನುತ್ತಾನೆ. ಕೊನೆಯ ಸಾಲು ಹೀಗಿತ್ತು: ಅವತ್ತು ಅವನು ಎಲ್ಲಿಯೂ ಬೀಳಲಿಲ್ಲ.

ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋಯಿತು. ಕಣ್ಣು ತುಂಬಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಎರಡು ಸ್ಟಾಪು ಹಿಂದಕ್ಕೆ ನಡೆದು ಬರುವಾಗಲೂ ಆ ರೊಟ್ಟಿಯ ಮಾತೇ ತಲೆಯಲ್ಲಿತ್ತು. ಕತೆ ಅಂದರೆ ಇದು ಅಂದುಕೊಂಡೆ. ಒಂದು ಅಕ್ಷರ ತೆಗೆಯುವಂತಿಲ್ಲ, ಒಂದು ಅಕ್ಷರ ಸೇರಿಸುವಂತಿಲ್ಲ. ಸೋಮವಾರ ಆಫೀಸಿಗೆ ಹೋದೆ, ಅವರ ಪಕ್ಕದಲ್ಲೇ ಕೂತೆ, ಎಂದಿನಂತೆ ಕೆಲಸ ಮಾಡಿದೆ. ಏನೂ ಇರಲಿಲ್ಲ, ಹೇಳಲಿಲ್ಲ.

ಈಗ ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆಗ ಅದು ತಪ್ಪೆಂದು ಹೊಳೆಯಲೇ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದವರನ್ನು ಕಂಡರೆ ಈಗ ನನಗೆ ಮೈ ಉರಿಯುತ್ತದೆ.

ಆ ವಾರವೆಲ್ಲ ಅವರು ಹನ್ನೊಂದು ಗಂಟೆಗೆ ಚಹಾಕ್ಕೆ ಕರೆದರು. ಎದುರಿಗೆ ಕೂತು ಬಿಸ್ಕೀಟು ಮುರಿದು ಮುರಿದು ಬಸಿಯಲ್ಲಿ ಹಾಕುತ್ತ ನನ್ನ ಮುಖ ನೋಡುತ್ತಿದ್ದರು. ನಾನು ಪ್ರಾವಿಡೆಂಟ್ ಫಂಡಿನ ಫಾರಂ ಬಗ್ಗೆ, ಹೊಸ ಟೀಂ ಲೀಡಿನ ಬಗ್ಗೆ ಮಾತಾಡಿದೆ. ಮರುವಾರ ಕರೆಯಲಿಲ್ಲ. ಹನ್ನೆರಡನೆಯ ಅಧ್ಯಾಯ ಆ್ಯಪಿಗೆ ಬರಲಿಲ್ಲ. ಒಂದು ದಿನ ನೋಡಿದರೆ ಹಿಂದಿನ ಹನ್ನೊಂದೂ ಇರಲಿಲ್ಲ. ಕಂಪನಿಯವರಿಗೆ ಗೊತ್ತಾಯಿತೇನೋ, ಹೆದರಿ ತೆಗೆದರೇನೋ ಅಂದುಕೊಂಡೆ. ಕೇಳಿದ್ದಕ್ಕೆ, "ಸಾಕಾತ್ರಿ. ಮಕ್ಕಳ ಆಟ ಮಕ್ಕಳಿಗಿರಲಿ" ಅಂದು ಫೋನಿನ ಕಡೆ ತಿರುಗಿದರು. ತಾರೀಫು ಮಾಡಲಿಕ್ಕೆ ಅದೂ ಒಂದು ಸಂದರ್ಭವಾಗಿತ್ತು, ನಾನು ಅದನ್ನೂ ಬಿಟ್ಟೆ.

ಆರು ತಿಂಗಳಿಗೆ ಕನ್ನಡದ ಕೆಲಸ ನಿಂತಿತು. ಅವರನ್ನು ಬಿಡಿಸಿದರು, ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದರು. ಕೊನೆಯ ದಿನ ಮೇಜಿನ ಖಾನೆಯಿಂದ ತಮ್ಮ ಚಮಚ, ಶೇಂಗಾ ಚಟ್ನಿಯ ಡಬ್ಬಿ, ಬೆನ್ನಿಗಿಟ್ಟುಕೊಳ್ಳುವ ದಿಂಬು ಎಲ್ಲ ತೆಗೆದು ಚೀಲಕ್ಕೆ ತುಂಬಿದರು. "ಬರ್ತೀನ್ರಿ ತುಮಕೂರು, ಛಂದಾಗಿ ಇರ್ರಿ" ಅಂದರು. ನಾನು ಲಿಫ್ಟಿನವರೆಗೆ ಚೀಲ ಹೊತ್ತುಕೊಂಡು ಹೋದೆ. ಆಮೇಲೆ ಹಬ್ಬಕ್ಕೊಮ್ಮೆ ಹೂವಿನ ಚಿತ್ರದ ಮೆಸೇಜು ಅವರಿಂದ ಬರುತ್ತಿತ್ತು, ನಾನೂ ಒಂದು ಹೂವು ಕಳಿಸುತ್ತಿದ್ದೆ. ಅವರು ನಾರಾಯಣಗೂಡದಲ್ಲಿ, ನಾನು ಕೋಠಿಯಲ್ಲಿ. ನಡೆದರೆ ಅರ್ಧ ಗಂಟೆಯ ದಾರಿ. ಎರಡು ವರ್ಷದಲ್ಲಿ ಒಮ್ಮೆಯೂ ನಡೆಯಲಿಲ್ಲ.

ಹೋದ ತಿಂಗಳು ಅವರ ನಂಬರಿನಿಂದ ಫೋನು ಬಂತು. ಎತ್ತಿದರೆ ಬೇರೆ ದನಿ.

"ಇದು ತುಮಕೂರು ಅನ್ನವರ ನಂಬರೇನ್ರಿ? ಹಂಗಂತ ಬರಕೊಂಡಾಳ ಫೋನಿನ್ಯಾಗ."

ತಂಗಿ. ಅಕ್ಕ ಹೋಗಿ ಐದು ದಿನವಾಯಿತು ಅಂದರು. ಜ್ವರವೆಂದು ಒಬ್ಬರೇ ಆಟೋ ಹತ್ತಿ ಆಸ್ಪತ್ರೆಗೆ ಹೋದವರು ಮೂರನೆಯ ದಿನ ತೀರಿಕೊಂಡರಂತೆ. ಆಸ್ಪತ್ರೆಯ ಚೀಟಿಯಲ್ಲಿ ಹತ್ತಿರದವರ ಹೆಸರು ಬರೆಯುವ ಜಾಗದಲ್ಲಿ ತಂಗಿಯ ಹೆಸರು ಬರೆದಿದ್ದರಂತೆ. ರೂಮು ಖಾಲಿ ಮಾಡಬೇಕು, ಆಫೀಸಿನ ಕಾಗದ ಯಾವುವು, ಮನೆಯ ಕಾಗದ ಯಾವುವು ತಿಳಿಯುವುದಿಲ್ಲ, ಒಮ್ಮೆ ಬಂದು ಹೋಗುತ್ತೀರಾ ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಹೋದೆ. ಎರಡನೆಯ ಮಹಡಿ, ಕಿಟಕಿಯಾಚೆ ಯಾವುದೋ ಕೋಚಿಂಗ್ ಸೆಂಟರಿನ ಮೈಕಿನಲ್ಲಿ ತೆಲುಗಿನಲ್ಲಿ ಗಣಿತದ ಪಾಠ ನಡೆದಿತ್ತು. ತಂಗಿ ನೆಲದ ಮೇಲೆ ಕಾಗದಗಳ ನಡುವೆ ಕೂತಿದ್ದರು. ಬೀದರಿನಲ್ಲಿ ಅಂಗನವಾಡಿ ನಡೆಸುವವರು, ಇವರಿಗಿಂತ ಆರು ವರ್ಷಕ್ಕೆ ಚಿಕ್ಕವರು. ಕೊರಳಲ್ಲಿ ತಾಳಿ ಇರಲಿಲ್ಲ. ನಾನು ಕಾಗದ ಬೇರ್ಪಡಿಸುತ್ತ ಕೂತೆ. ಅವರು ಇನ್ನೊಂದು ಕಟ್ಟನ್ನು ನನ್ನ ಕಡೆ ಸರಿಸುತ್ತ ಕೇಳಿದರು.

"ನಮ್ಮಕ್ಕ ಏನೋ ಬರೀತಿದ್ಳಂತಲ್ಲರಿ?"

"ಹೌದು. ನಿಮಗೆ ಹೇಗೆ ಗೊತ್ತು?"

"ಈ ಊರಿಗೆ ಬಂದ ಮ್ಯಾಲ ಎರಡ ಸಲ ಫೋನ್ ಮಾಡಿದ್ಳ್ರಿ, ಅಷ್ಟ. ಒಮ್ಮಿ ಮಾಡಿ, 'ಒಂದು ಬರದೀನಿ, ಅದು ನಿನಗ ಅಂತನ ಬರದೀನಿ. ಇಲ್ಲೊಬ್ರಿಗೆ ಓದಾಕ ಕೊಟ್ಟೀನಿ, ಅವ್ರು ಏನಂತಾರ ನೋಡಿ ಕಳಸ್ತೀನಿ' ಅಂದ್ಳು. ಹದಿನೈದ ದಿನ ಬಿಟ್ಟು ಮತ್ತ ಮಾಡಿದ್ಳು. 'ಅವ್ರಿಗೆ ಓದಿ ಅಸಹ್ಯ ಆಗೇತಿ ಕಾಣ್ತೈತಿ. ಮಾರಿ ನೋಡಿ ಮಾತಾಡವಲ್ರು. ಬಿಡು' ಅಂದ್ಳು. ಏನ ಬರದಿದ್ಳು ಅಂತ ನನಗ ಇವತ್ತಿನ ತನಕ ಗೊತ್ತಿಲ್ರಿ."

ಕೈಯಲ್ಲಿದ್ದ ಕಾಗದ ಕೆಳಗಿಟ್ಟೆ. "ಅದು ನಾನೇ" ಅಂದೆ. "ಓದಲು ಕೊಟ್ಟದ್ದು ನನಗೆ. ಅಸಹ್ಯ ಆಗಲಿಲ್ಲ ಅಮ್ಮ. ಅಷ್ಟು ಒಳ್ಳೆಯದನ್ನು ನಾನು ಓದಿಯೇ ಇರಲಿಲ್ಲ. ಹೇಳಲಿಲ್ಲ, ಅಷ್ಟೇ. ಯಾಕೆ ಹೇಳಲಿಲ್ಲ ಅಂದರೆ..." ನಮ್ಮ ಕಸುಬಿನ ನಡಾವಳಿಯನ್ನು ಅವರಿಗೆ ವಿವರಿಸಲು ಹೊರಟೆ. ಅರ್ಧಕ್ಕೇ ನನಗೆ ನಾಚಿಕೆಯಾಗಿ ನಿಲ್ಲಿಸಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ನಿಮ್ಮ ಕಡೆ ಐತೇನ್ರಿ ಅದು?" ಎಂದು ಕೇಳಿದರು.

ನನ್ನ ಫೋನಿನಲ್ಲಿ ಇತ್ತು. ಆ ರಟ್ಟಿನ ನೋಟುಪುಸ್ತಕ ರೂಮಿನಲ್ಲಿ ಎಲ್ಲೂ ಸಿಕ್ಕಿರಲಿಲ್ಲ, ಈಗ ಅದು ಇದ್ದದ್ದು ಅಲ್ಲೊಂದೇ ಕಡೆ. ಫೋನು ಅವರ ಕೈಗೆ ಕೊಡಲು ಹೋದೆ.

"ಬ್ಯಾಡ್ರಿ. ನೀವ ಓದ್ರಿ. ನನ್ನಿಂದ ಆಗಂಗಿಲ್ಲ."

ಇದು ಮಕ್ಕಳ ಆಟದಲ್ಲಿ ಬರುವ ಒಬ್ಬ ಕಳ್ಳನ ಕತೆ, ಅವನು ದೀಪ ಕದಿಯುತ್ತಾನೆ, ಅವನ ಹೆಸರು ಗುಡಾಣಪ್ಪ ಎಂದು ಮೊದಲೇ ಹೇಳಿದೆ. ಅವರು ತಲೆಯಾಡಿಸಿದರು. ಓದಲು ಶುರುಮಾಡಿದೆ. ತಂಗಿ ಟೊಪ್ಪಿಗೆ ಒಣಹಾಕುವುದು ಬಂತು. ಬೀಗರು ಬಂದರು, ಸೇತುವೆ ಬಂತು. ಹುಡುಗಿಯ ಕೈಯಲ್ಲಿ ದೀಪ ನಿಲ್ಲುವುದಿಲ್ಲ ಎಂಬ ಮಾತಿಗೆ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ನಾನು ನಿಲ್ಲಿಸಲಿಲ್ಲ. ಯಾರೂ ಇಲ್ಲ, ಇನ್ನೊಂದು ರೊಟ್ಟಿ ಹಾಕು ಎಂದ ಎಂದು ಓದಿದೆ.

"ತಡೀರಿ. ಅಲ್ಲೊಂದು ತಪ್ಪೈತಿ" ಅಂದರು.

ನಾನು ತಲೆಯೆತ್ತಿದೆ.

"ರೊಟ್ಟಿ ಅಲ್ರಿ ಅದು, ಹೋಳಿಗಿ. ಬೀಗರಿಗಂತ ಮಾಡಿದ್ದು. ಮೂರ ತಿಂದ್ಳು ಅವತ್ತ."

ಮೈಕಿನ ಪಾಠ ನಡೆದೇ ಇತ್ತು. ನನಗೆ ಆಗ ತಿಳಿಯಿತು, ಸೇತುವೆಯ ಮೇಲೆ ನಿಂತವರು ಯಾರೆಂದು.

"ನಿಮಗೆ ಗೊತ್ತಿತ್ತಾ?" ಅಂದೆ.

"ಎಂಟ ದಿನದಾಗ ಗೊತ್ತಾತ್ರಿ. ನನಗ ಫಿಟ್ಸ್ ಬರತಾವಂತ ಹೇಳಿದ್ಳು ಅವ್ರಿಗೆ. ಗಂಡಿನ ಕಡಿಯವ್ರ ಹೇಳಿ ಕಳಿಸಿದ್ರು, ನಿಮ್ಮಕ್ಕನ ಬಂದು ಹೇಳಿದ್ಳು ಅಂತ. ಅವ್ವ ಹಾಸಿಗಿ ಹಿಡದಿದ್ಳು. ನಾ ಹೋದ್ರ ತಾ ಒಬ್ಬಾಕಿ ಆಗ್ತೀನಿ ಅಂತ ಅಂಜಿದ್ಳು."

"ನೀವು ಕೇಳಲಿಲ್ವಾ ಅವರನ್ನು?"

"ಕೇಳಲಿಲ್ರಿ. ತಾನ ಹೇಳ್ತಾಳ ಅಂತ ಕಾದೆ. ಒಂದ ಮನ್ಯಾಗ, ಒಂದ ಒಲಿ ಮುಂದ, ಹದಿನಾಲ್ಕ ವರ್ಷ ಕಾದೆ. ಅವ್ವ ಹೋದ್ಳು. ಆಮ್ಯಾಲ ಅಕಿ ಈ ಊರಿಗೆ ಬಂದ್ಳು, ಆಗೂ ಕಾದೆ. ಅಕಿ ಒಂದ ಮಾತ ಅಂದಿದ್ರ ಸಾಕಿತ್ತು. ಇಲ್ಲಾ ನಾ ಅನ್ನಬೇಕಿತ್ತೇನೋ." ಅವರು ನನ್ನ ಫೋನಿನ ಕಡೆ ಕೈ ತೋರಿಸಿದರು. "ಮುಂದ ಓದ್ರಿ."

ಉಳಿದಿದ್ದ ಒಂದು ಸಾಲು ಓದಿದೆ.

"ಮುಂದ?"

"ಇಷ್ಟೇ ಅಮ್ಮ ಬರೆದದ್ದು. ಮುಂದೆ ಇಲ್ಲ."

ಅವರು ಸೆರಗು ಬಿಡಿಸಿಕೊಂಡು, ಹರಡಿದ್ದ ಕಾಗದಗಳನ್ನು ಒಂದು ಬದಿಗೆ ಸರಿಸಿ, ನನ್ನ ಎದುರಿಗೆ ಸರಿಯಾಗಿ ಕೂತರು.

"ಹಂಗಾರ ಮೊದಲಿಂದ ಓದ್ರಿ. ಹೋಳಿಗಿ ಅಂತ ಓದ್ರಿ."